ಸಾರ್‌ಗೆ ಕೊಟ್ಟ ಪಾಸ್

ನನಗೆ ಹುಚ್ಚು ಹಿಡಿಸಿದ ಸ್ಕಾಟ್ಲೆಂಡಿನ ಒಬ್ಬ ಹಳೆಯ ಫುಟ್‌ಬಾಲ್ ಮಿಡ್‌ಫೀಲ್ಡರ್ ಬಗ್ಗೆ ನಮ್ಮ ಕಾರ್ಖಾನೆಯಲ್ಲಿ ಯಾರಿಗೆ ಹೇಳಿದರೂ ಬರುವ ಮೊದಲ ಪ್ರಶ್ನೆ ಒಂದೇ: "ಎಷ್ಟು ಗೋಲ್ ಹೊಡ್ದಿದಾನೆ ಗುರು?" ನನಗೆ ಮೈಯೆಲ್ಲ ಉರಿಯುತ್ತದೆ. ಅಡುಗೆ ಭಟ್ಟರನ್ನು ಹಿಡಿದು, ನೀವೆಷ್ಟು ಉಂಡಿರಿ ಎಂದು ಕೇಳಿದ ಹಾಗೆ. ಅವನ ಕೆಲಸ ಗೋಲು ಹೊಡೆಯುವುದಲ್ಲ ಮಾರಾಯರೆ, ಹೊಡೆಯುವವನ ಕಾಲಿಗೆ ಚೆಂಡು ತಲುಪಿಸುವುದು.

ಗಣಿ ಕೆಲಸಗಾರರ ಮನೆಯಲ್ಲಿ ಹುಟ್ಟಿದವನು, ಕುಳ್ಳ ಅಂತ ಶುರುವಿನಲ್ಲೇ ಬೇಡವೆನಿಸಿಕೊಂಡವನು, ಆಮೇಲೆ ದೊಡ್ಡ ದೊಡ್ಡ ಕಪ್ ಎತ್ತಿದವನು. ಅವನ ಹಳೆಯ ಪಂದ್ಯಗಳನ್ನು ಫೋನಿನಲ್ಲಿ ಎಷ್ಟು ಸಲ ನೋಡಿದ್ದೇನೋ ನನಗೇ ಗೊತ್ತಿಲ್ಲ. ಚೆಂಡು ಹತ್ತಿರ ಬರುವ ಮೊದಲೇ ಅವನು ಅತ್ತ ಇತ್ತ ಕತ್ತು ತಿರುಗಿಸಿ ಮೈದಾನವನ್ನೆಲ್ಲ ನೋಡಿಕೊಂಡಿರುತ್ತಿದ್ದ. ಯಾರು ಖಾಲಿ ಇದ್ದಾರೋ, ಯಾರ ಪಕ್ಕ ಎದುರಾಳಿ ಇಲ್ಲವೋ, ಅವರಿಗೆ ಚೆಂಡು. ಹೆಸರಾಂತ ಆಟಗಾರನೋ ನಿನ್ನೆ ಬಂದವನೋ, ಅವನಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಸಿಟ್ಟು ಬಂದರೆ ಕೋಚ್‌ಗೂ ಎದುರು ಮಾತಾಡುತ್ತಿದ್ದನಂತೆ. ಮೊಣಕಾಲು ಕೆಟ್ಟು ಆಟ ಬಿಟ್ಟ ಮೇಲೆ ತಾನೇ ಕೋಚ್ ಆದ. ಬಾಯಿ ಜೋರು ಅಂತ ಎರಡು ಕಡೆ ಮನೆಗೆ ಕಳಿಸಿದರಂತೆ.

ಅತ್ತಿಬೆಲೆಯ ನಮ್ಮ ಕಾರ್ಖಾನೆ ತಂಡದ ಮಿಡ್‌ಫೀಲ್ಡರ್ ನಾನು. ಸುತ್ತಮುತ್ತಲ ಕಾರ್ಖಾನೆಗಳೆಲ್ಲ ಸೇರಿ ವರ್ಷಕ್ಕೊಮ್ಮೆ ಪಂದ್ಯಾವಳಿ ನಡೆಸುತ್ತವೆ. ಅದರಲ್ಲಿ ನಮ್ಮವರದು ಯಾರೂ ಬರೆದಿಡದ ಒಂದು ನಿಯಮವಿದೆ. ಪ್ಲಾಂಟ್ ಹೆಡ್ ಸಾರ್ ಗೋಲು ಹೊಡೆಯುವ ಮುಂದಿನ ಸಾಲಿನಲ್ಲಿ ಆಡುತ್ತಾರೆ, ಚೆಂಡು ಅವರಿಗೆ ಹೋಗಬೇಕು. ಸಾರ್ ಒಳ್ಳೆಯವರೇ, ಓಡಲು ಮಾತ್ರ ಆಗುವುದಿಲ್ಲ. ಅವರು ಕೂಗಬೇಕಾಗಿಯೂ ಇಲ್ಲ. ಕೈ ಎತ್ತಿದರೆ ಸಾಕು, ಎಲ್ಲರ ಕಾಲೂ ಆ ಕಡೆಗೇ ತಿರುಗುತ್ತದೆ.

ನಾನು ಹೇಳಹೊರಟ ವರ್ಷ ಎಡಬದಿಯಲ್ಲಿ ಆಡಲು ಬಂದವನು ಬಾಗಲಕೋಟೆ ಕಡೆಯವನು. ಪ್ಯಾಕಿಂಗ್ ವಿಭಾಗದಲ್ಲಿ ಆರು ವರ್ಷದಿಂದ ಕಾಂಟ್ರ್ಯಾಕ್ಟ್ ಮೇಲೆ ದುಡಿಯುತ್ತಿದ್ದ. ಹೆಂಡತಿ, ಮಗಳ ಜೊತೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದ. ಊಟದ ಬಿಡುವಿನಲ್ಲಿ ನನ್ನ ಪಕ್ಕ ಕೂತು ಸ್ಕಾಟ್ಲೆಂಡಿನವನ ಆಟ ನೋಡಿ, "ಇಂವಂದು ಆಡೂದಕಿಂತ ನೋಡೂದ ಹೆಚ್ಚೈತ್ರಿ ಅಣ್ಣಾರ" ಎಂದಿದ್ದ. ಗೋಲಿನ ಲೆಕ್ಕ ಕೇಳದವನು ಇಡೀ ಕಾರ್ಖಾನೆಗೆ ಅವನೊಬ್ಬನೇ.

ಸೆಮಿಫೈನಲ್ ಗೆದ್ದ ಖುಷಿಯಲ್ಲಿ ಸಾರ್ ಎಲ್ಲರೆದುರು ಹೇಳಿಬಿಟ್ಟರು: "ಫೈನಲ್‌ನಲ್ಲಿ ಕಾಂಟ್ರ್ಯಾಕ್ಟ್‌ನೋರು ಯಾರಾದ್ರೂ ಗೆಲ್ಲೋ ಗೋಲ್ ಹೊಡೀಲಿ, ನಾನೇ ನಿಂತು ಪರ್ಮನೆಂಟ್ ಮಾಡಿಸ್ತೀನಿ." ತಂಡದಲ್ಲಿದ್ದ ಕಾಂಟ್ರ್ಯಾಕ್ಟಿನವನು ಇವನೊಬ್ಬನೇ. ಮಾರನೆಯ ದಿನದಿಂದ ಶಿಫ್ಟ್ ಮುಗಿದ ಮೇಲೆ ಗೋಡೆಗೆ ಚೆಂಡು ಒದೆಯುತ್ತ ನಿಲ್ಲುತ್ತಿದ್ದ.

ಫೈನಲ್ಲಿನ ಕೊನೆಯ ನಿಮಿಷಗಳು. ಎರಡೂ ತಂಡದವರದು ಒಂದೊಂದು ಗೋಲು. ಚೆಂಡು ನನ್ನ ಕಾಲಿಗೆ ಬಂತು. ಬರುವ ಮೊದಲೇ ನಾನು ನೋಡಿದ್ದೆ. ಎಡಗಡೆ ಅವನ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ, ಮುಂದೆ ಗೋಲ್‌ಕೀಪರ್ ಒಬ್ಬನೇ. ಬಲಗಡೆ ಸಾರ್, ಬೆನ್ನಿಗೆ ಇಬ್ಬರನ್ನು ಅಂಟಿಸಿಕೊಂಡು ಕೈ ಎತ್ತಿದರು. ನಾನು ಸಾರ್‌ಗೆ ಕೊಟ್ಟೆ.

ಸಾರ್ ಒದ್ದ ಚೆಂಡು ಕಾಂಪೌಂಡ್ ದಾಟಿ ಹೋಯಿತು. ಅದಾದ ಎರಡೇ ನಿಮಿಷಕ್ಕೆ ಎದುರಿನವರು ಗೋಲು ಹೊಡೆದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ನಾನು ನಮ್ಮ ಗೋಲ್‌ಕೀಪರನ ಮೇಲೆ ಹಾರಾಡಿದೆ. ಸಾರ್ ಬಂದು ಬೆನ್ನು ತಟ್ಟಿ, "ಸಕ್ಕತ್ ಪಾಸ್ ಕಣ್ರೀ, ಜಸ್ಟ್ ಮಿಸ್ಸಾಯ್ತು" ಎಂದರು. "ಥ್ಯಾಂಕ್ಯೂ ಸಾರ್" ಎಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಎಡಬದಿಯವನ ಆ ತುತ್ತನ್ನು ಕಿತ್ತುಕೊಂಡವನು ನಾನೇ.

ಅವನು ಗೋಡೆಗೊರಗಿ ಬೂಟು ಬಿಚ್ಚುತ್ತಿದ್ದ. ಪಕ್ಕದಲ್ಲಿ ಕೂತು ಹೇಳಿದೆ: "ನೀನು ಖಾಲಿ ಇದ್ದೆ ಕಣೋ. ನಾನು ನೋಡ್ದೆ. ನೋಡೀನೂ ಕೊಡ್ಲಿಲ್ಲ." ಅವನು ಬೈಯಲಿ ಎಂದೇ ಕಾದು ಕೂತಿದ್ದೆ.

ಅವನು ತಲೆ ಎತ್ತಿ, ನಿಜಕ್ಕೂ ಆಶ್ಚರ್ಯದಿಂದ ನನ್ನನ್ನೇ ನೋಡಿದ. "ನಿಮ್ದೇನ್ ತಪ್ಪೈತ್ರಿ ಅಣ್ಣಾರ? ಸಾಹೇಬ್ರು ಕೈ ಎತ್ತಿದ್ರಲ್ರಿ. ಚೆಂಡ್ ನನ್ ಕಾಲಾಗ ಇದ್ರೂ ನಾ ಸಾಹೇಬ್ರಿಗೇ ಕೊಡ್ತಿದ್ನಿ."

ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವನು ಈಗಲೂ ಕಾಂಟ್ರ್ಯಾಕ್ಟ್ ಮೇಲೇ ಇದ್ದಾನೆ.