ಚೀನೀ ಪೇಟೆಯಲ್ಲಿ ಇಬ್ಬರಿಗೊಂದು ಮನೆ

ಬಾಡಿಗೆ ಮನೆ ಸಿಗಲೆಂದು ನಾನು ಒಂದು ಸುಳ್ಳು ಹೇಳಿದ್ದೇನೆ. ಸಣ್ಣದಲ್ಲ. ತೀರಿಹೋದ ಹೆಂಡತಿ ಬದುಕಿದ್ದಾಳೆ ಎಂದೆ.

ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ಮಾಲಿನ ಗುಣ ನೋಡುವುದು ನನ್ನ ಕೆಲಸ. ಹೋದ ವರ್ಷ ಗಿರಿಜೆ ಹೋದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಕೋಲ್ಕತ್ತದ ಗೋದಾಮಿಗೆ ಒಬ್ಬರು ಬೇಕೆಂದು ಮಂಡಿಯವರು ಕೇಳಿದಾಗ ಕೈ ಎತ್ತಿದೆ. ಗೋದಾಮಿಗೆ ಹತ್ತಿರವಿದ್ದದ್ದು ಆ ಊರಿನ ಹಳೆಯ ಚೀನೀ ಪೇಟೆ. ಕೆಂಪು ಬಾಗಿಲುಗಳ ಮೇಲೆ ಬಂಗಾರದ ಬಣ್ಣದ ಅಕ್ಷರ, ನಾವು ಸಂಡಿಗೆ ಒಣಹಾಕುವಂತೆ ಮಹಡಿಯ ಮೇಲೆ ಮಾಂಸದ ಮಾಲೆ, ಬೆಳಿಗ್ಗೆ ಬೀದಿಯಲ್ಲೇ ಹಬೆಯಲ್ಲಿ ಬೇಯುವ ಕಡುಬಿನಂಥ ತಿಂಡಿ. ಒಳಗೆ ಏನು ತುಂಬಿದ್ದೀರಿ ಎಂದು ಒಮ್ಮೆ ಕೇಳಿದೆ. ಅಂದಿನಿಂದ ಪಕ್ಕದ ಗಾಡಿಯಲ್ಲಿ ಬನ್ನು ತಿನ್ನುತ್ತೇನೆ.

ಬಾಡಿಗೆ ಮನೆ ನನಗೆ ಹೊಸದಲ್ಲ. ಹೊನ್ನಾಳಿ, ಜಗಳೂರು, ಚನ್ನಗಿರಿ, ಎಲ್ಲ ಕಡೆಯೂ ಗಿರಿಜೆಯೇ ಮುಂದೆ ನಿಂತು ಮನೆ ಹಿಡಿದಳು. ಮನೆ ಕೇಳಿ ಬಂದವನ ಹಿಂದೆ ಒಂದು ಸೀರೆ ಕಂಡರೆ ಸಾಕು, ಮಾಲೀಕರ ಮುಖ ಅರಳುತ್ತದೆ. ಜಗಳೂರಿನ ಅಜ್ಜಿ ಕೇಳಿದ ಮೊದಲ ಪ್ರಶ್ನೆಯೇ, “ಎಷ್ಟು ಜನ ಅದೀರಿ? ನೀರು ಬಿಡಾಕೆ ಗೊತ್ತಿರಬೇಕಲ್ಲ!”

“ಇಬ್ರೇ ರೀ ಅಜ್ಜಿ. ಇವ್ರು ಸ್ನಾನ ಮಾಡೋದೇ ಅಪ್ರೂಪ. ಒಂದೂವರೆ ಅಂತ ತಿಳ್ಕಳ್ರಿ” ಎಂದಿದ್ದಳು ಗಿರಿಜೆ. ಅಜ್ಜಿ ನಕ್ಕು ಕೀಲಿ ಕೊಟ್ಟಿತು.

ಚೀನೀ ಪೇಟೆಯ ಮನೆಯೊಡತಿಗೆ ಎಪ್ಪತ್ತು ದಾಟಿದೆ. ಅಪ್ಪ ಬೂಟು ಹೊಲಿಯುತ್ತಿದ್ದರಂತೆ. ಚೀನಾ ದೇಶವನ್ನು ನಾನೆಷ್ಟು ನೋಡಿದ್ದೇನೋ ಆಕೆಯೂ ಅಷ್ಟೇ ನೋಡಿದ್ದಾರೆ. ಹಿಂದಿ ಮಾತ್ರ ನನಗಿಂತ ಚೆನ್ನಾಗಿ ಬರುತ್ತದೆ. ಆ ಹಿಂದಿಯಲ್ಲಿ, “ಎಷ್ಟು ಜನ?” ಎಂದರು. ಇಪ್ಪತ್ತೆಂಟು ವರ್ಷದ ಅಭ್ಯಾಸ, ಬಾಯಿ “ಇಬ್ಬರು” ಎಂದುಬಿಟ್ಟಿತು. ಹಿಂದೆ ಸೀರೆ ಕಾಣದೆ ಆಕೆ ಇಣುಕಿದರು. “ಆಮೇಲೆ ಬರ್ತಾಳೆ” ಎಂದೆ. ಒಂಟಿ ಗಂಡಸಿಗೆ ಮನೆ ಕೊಡುವುದಿಲ್ಲ ಎಂದು ಅದಾಗಲೇ ಮೂರು ಬಾಗಿಲು ನನಗೆ ಹೇಳಿದ್ದವು.

ಅಡಿಕೆಯವನಾದ್ದರಿಂದ ಆಕೆಯ ಹಿಂದಿಯಲ್ಲಿ ನಾನು ಸುಪಾರಿ ಬಾಬು. ಆಮೇಲೆ ವಾರಕ್ಕೊಮ್ಮೆ ಪ್ರಶ್ನೆ: “ಸುಪಾರಿ ಬಾಬು, ಹೆಂಡತಿ ಯಾವಾಗ?” ಒಮ್ಮೆ ರೈಲು ಟಿಕೆಟ್ ಸಿಗಲಿಲ್ಲ, ಇನ್ನೊಮ್ಮೆ ಮೊಣಕಾಲು ನೋವು. ಇದ್ದಾಗ ಅವಳ ನೋವನ್ನು ಒಂದು ದಿನವೂ ವಿಚಾರಿಸದವನು ಈಗ ಅದನ್ನು ಇಷ್ಟು ಚೆನ್ನಾಗಿ ವರ್ಣಿಸುತ್ತಿದ್ದೆ. ಹಾರ ಹಾಕಿದ ಫೋಟೊ ಕಂಡರೆ ಮನೆ ಹೋದಂತೆಯೇ. ಹಾಗಾಗಿ ಗಿರಿಜೆ ಟ್ರಂಕಿನಲ್ಲಿ, ನನ್ನ ಪಂಚೆಗಳ ಕೆಳಗೆ ಇದ್ದಳು. ಮನೆ ಸಿಕ್ಕಿತ್ತು. ಒಳಗಿರಲು ನಾಚಿಕೆಯಾಗುತ್ತಿತ್ತು.

ಮಹಾಲಯ ಅಮಾವಾಸ್ಯೆ ಬಂತು. ನ್ಯಾಮತಿಯಿಂದ ಅಕ್ಕ ಫೋನು ಮಾಡಿದಳು. ಫೋಟೊ ಎಲ್ಲಿಟ್ಟಿದ್ದೀಯ ಎಂದಳು, ಹೇಳಿದೆ. “ಅಲ್ಲೋ, ಆ ಹೆಣ್ಮಗಳನ್ನ ಟ್ರಂಕಿನಾಗೆ ಇಟ್ಟೀಯಲ್ಲೋ, ನಿಂಗೇನು ತಲೆಗಿಲೆ ಕೆಟ್ಟೈತಾ? ತೆಗೆದು ಎಡೆ ಇಡು. ಬಾಗ್ಲು ಮುಚ್ಚಿ ಹೊರಗೆ ನಿಂತ್ಕ. ಆಮೇಲೆ ಕೆಮ್ಮಿ ಒಳಗೆ ಹೋಗು, ಉಣ್ಣಾಕೆ ಕುಂತೋರ ಮ್ಯಾಲೆ ದಡಕ್ಕನೆ ನುಗ್ಗಬ್ಯಾಡ!”

ಹೋಳಿಗೆ ನನಗೆ ಬರುವುದಿಲ್ಲ. ಅನ್ನ, ಸಾರು ಮಾಡಿದೆ. ಅವಳ ಪ್ರಾಣವೇ ಆಗಿದ್ದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬೀದಿಯ ತುದಿಯಲ್ಲೇ ಸಿಕ್ಕವು. ಫೋಟೊ ಒರೆಸಿ ಗೋಡೆಗೆ ಒರಗಿಸಿ, ಎಡೆ ಇಟ್ಟು, ಊದುಬತ್ತಿ ಹಚ್ಚಿ, ಬಾಗಿಲು ಮುಚ್ಚಿ ಮೆಟ್ಟಿಲ ಮೇಲೆ ನಿಂತೆ. ಅಷ್ಟರಲ್ಲಿ ಮನೆಯೊಡತಿ ಮೇಲೆ ಬಂದರು.

“ಹೊರಗೆ ಯಾಕೆ ನಿಂತಿದ್ದೀರಿ? ಒಳಗೆ ಯಾರಿದ್ದಾರೆ?”

ಇನ್ನೊಂದು ಸುಳ್ಳು ಹುಡುಕಿದೆ, ಸಿಗಲಿಲ್ಲ. “ಹೆಂಡತಿ. ಊಟ ಮಾಡ್ತಿದಾಳೆ” ಎಂದೆ.

“ಬಂದಳಾ?” ಎಂದು ಆಕೆ ಬಾಗಿಲಿಗೆ ಕೈ ಹಾಕಿದರು. ತಡೆದು, ಇದ್ದದ್ದನ್ನೆಲ್ಲ ಹೇಳಿದೆ. ಹರಕು ಹಿಂದಿಯಲ್ಲಿ ಸಾವನ್ನು ಹೇಳುವುದು ಸುಲಭ. ಅಲಂಕಾರಕ್ಕೆ ಮಾತೇ ಇರುವುದಿಲ್ಲ. ಖಾಲಿ ಮಾಡಿ ಎನ್ನುತ್ತಾರೆಂದು ಕಾದೆ.

ಆಕೆ ಕೈ ಹಿಂದಕ್ಕೆ ತೆಗೆದು, ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು. “ನಾವೂ ಹಿರಿಯರಿಗೆ ಊಟ ಇಡ್ತೀವಿ. ಬಾಗಿಲು ಮುಚ್ಚಲ್ಲ. ನಿಮ್ಮವರಿಗೆ ನಾಚಿಕೆ ಜಾಸ್ತಿಯಾ?” ಎಂದರು. ನಾನು ಅವಸರದಿಂದ ಕೆಮ್ಮಲು ಹೊರಟೆ. “ಇರಿ, ಇರಿ. ನಿಧಾನವಾಗಿ ತಿನ್ನಲಿ. ದೂರದಿಂದ ಬಂದಿದ್ದಾಳೆ” ಎಂದು ತಡೆದರು.

ವರ್ಷದಿಂದ ಎದೆಯ ಮೇಲೆ ಕೂತಿದ್ದ ಅಡಿಕೆ ಮೂಟೆಯನ್ನು ಯಾರೋ ಇಳಿಸಿಕೊಂಡಂತಾಯಿತು.

ಆಮೇಲೆ ಮನೆಯೊಡತಿ ತಮ್ಮ ಮನೆಯ ಪುಟ್ಟ ಬಟ್ಟಲಿನಲ್ಲಿ ಟೀ ತಂದು, ಒಳಗೆ ಬಂದು ಗಿರಿಜೆಯ ಮುಂದಿಟ್ಟರು. ಎಡೆಯ ಮಂಡಕ್ಕಿಯನ್ನು ಇಬ್ಬರೂ ತಿಂದೆವು. ಹೊರಡುವಾಗ ಬಾಗಿಲಲ್ಲಿ ತಿರುಗಿ, “ಇಬ್ಬರು ಅಂದಿರಿ, ಇಬ್ಬರೇ ಇದ್ದೀರಿ. ಫೋಟೊ ಗೋಡೆಗೆ ಹಾಕಿ, ಮೊಳೆ ನಾನು ಕೊಡ್ತೀನಿ. ನೀರು ಮಾತ್ರ ಒಬ್ಬರಿಗೇ ಬಿಡೋದು” ಎಂದರು.

“ಅರ್ಧ ಸಾಕು, ಆಂಟಿ” ಎಂದೆ.

ನಾನೇಕೆ ನಕ್ಕೆನೆಂದು ಆಕೆಗೆ ತಿಳಿಯಲಿಲ್ಲ. ಗೋಡೆಗೆ ಒರಗಿ ಕೂತವಳಿಗೆ ತಿಳಿದಿರಬೇಕು.