ಜಯದೇವಪ್ಪನವರ ಅಪಸ್ವರ

ಹಾರನಹಳ್ಳಿಯ ಕೊಬ್ಬರಿ ಜಯದೇವಪ್ಪನವರ ಕಿವಿ ಸುತ್ತಲಿನ ಹತ್ತು ಹಳ್ಳಿಗೆ ಗೊತ್ತು. ಅಟ್ಟದಲ್ಲಿ ವರ್ಷ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಅದೇ ಕಿವಿಗೆ ರಾಗ ಮಾತ್ರ ಹತ್ತುವುದಿಲ್ಲ. ಮಠದ ಸೋಮವಾರದ ಭಜನೆಯಲ್ಲಿ ಅವರು ಬಾಯಿ ತೆರೆದರೆ ಹಾರ್ಮೋನಿಯಂನವರು ಕೈ ಎತ್ತಿ ಕೂರುತ್ತಿದ್ದರು. ಕೊನೆಗೆ ಎಲ್ಲರೂ ಸೇರಿ ಅವರಿಗೆ ಪ್ರಸಾದ ಹಂಚುವ ಜವಾಬ್ದಾರಿ ವಹಿಸಿದೆವು. ಬಡ್ತಿ ಎಂದೇ ಹೇಳಿದೆವು. ಅವರು ನಂಬಿದಂತೆ ನಟಿಸಿದರು. ತಲೆಯಾಡಿಸಿದವರಲ್ಲಿ ನಾನೂ ಒಬ್ಬ, ಈಗ ನಾಚಿಕೆಯಾಗುತ್ತದೆ.

ಮನೆಯಲ್ಲಿ ಅವರಿಗೆ ಅಡ್ಡಿಯಿರಲಿಲ್ಲ. ಮಗ, ಸೊಸೆ ಇಬ್ಬರಿಗೂ ಅರಸೀಕೆರೆಯಲ್ಲಿ ಕೆಲಸ. ಅಂಗನವಾಡಿ ಬಿಟ್ಟ ಮೇಲೆ ನಾಲ್ಕು ವರ್ಷದ ಮೊಮ್ಮಗಳು ಹೇಮಾಶ್ರೀ ಅವರ ಪಾಲಿಗೆ. ಅವರು ಕಾಯಿ ಆರಿಸುತ್ತಾ ಹಾಡುತ್ತಿದ್ದರು, ಮಗುವೂ ಹಾಡುತ್ತಿತ್ತು.

ಮಗುವಿಗೆ ಸಂಗೀತದ ಒಲವಿದೆಯೆಂದು ಸೊಸೆ ಪ್ರತಿಮಾ ಒಂದು ದಿನ ಕಂಡುಕೊಂಡಳು. ಎಳೆಯ ಕಿವಿಗೆ ಶುದ್ಧ ಸ್ವರವೇ ಬೀಳಬೇಕೆಂದು ಫೋನಿನ ವಿಡಿಯೋದಲ್ಲಿ ಯಾರೋ ಹೇಳಿದ್ದರಂತೆ. ಮಾವನಿಗೆ ಕಾಫಿ ಕೊಟ್ಟು, ಇನ್ನು ಮಗುವಿನ ಮುಂದೆ ಹಾಡಬೇಡಿ ಎಂದು ಬಹಳ ಮರ್ಯಾದೆಯಿಂದಲೇ ಕೇಳಿಕೊಂಡಳು. ಜಯದೇವಪ್ಪ ಆಗಲಿ ಎಂದರು. ಕಾಫಿ ಕುಡಿಯಲಿಲ್ಲ.

ಮರುದಿನದಿಂದ ಜಗಲಿಯಲ್ಲಿ ಪ್ರತಿಮಾ ತಂದಿಟ್ಟ ಸ್ಪೀಕರ್ ಶುದ್ಧವಾಗಿ ಹಾಡಿತು. ಮಗು ಬಾಯಿ ಮುಚ್ಚಿಕೊಂಡು ಕೇಳಿತು. ಎರಡು ವಾರ ಕಳೆದರೂ ಒಂದು ಸಾಲೂ ಹಾಡಲಿಲ್ಲ. ಪ್ರತಿಮಾ ಮಿಠಾಯಿ ತೋರಿಸಿದಳು. ಮಿಠಾಯಿ ಹೋಯಿತು, ಹಾಡು ಬರಲಿಲ್ಲ. ಅವಳಿಗೆ ಅಳುವೇ ಬಂತು.

ಆ ಭಾನುವಾರ ನಾನೂ ಅವರ ಜಗಲಿಯಲ್ಲೇ ಕೂತಿದ್ದೆ. ಪ್ರತಿಮಾ ಸ್ಪೀಕರ್ ನಿಲ್ಲಿಸಿ, "ಮಾವ, ನೀವೇ ಹಾಡಿ. ತಪ್ಪಾದ್ರೂ ಆಗ್ಲಿ," ಅಂದಳು.

"ಎಷ್ಟು ತಪ್ಪಾಗ್ಬೋದಮ್ಮ?" ಎಂದು ಜಯದೇವಪ್ಪ ಕೇಳಿದರು. ತಮಾಷೆಗಲ್ಲ, ಅಳತೆ ಮೊದಲೇ ಗೊತ್ತಿದ್ದರೆ ಒಳ್ಳೆಯದೆಂದು.

ಅವಳು ಮಗುವನ್ನು ಎದುರಿಗೆ ಕೂರಿಸಿದಳು. ಅವರು ಗಂಟಲು ಸರಿಮಾಡಿಕೊಂಡು, ಮೊಮ್ಮಗಳು ಅಂಗನವಾಡಿಯಿಂದ ತಂದಿದ್ದ ಕರುವಿನ ಹಾಡು ಶುರು ಮಾಡಿದರು. ಎರಡನೆಯ ಸಾಲಿಗೇ ರಾಗ ದಾರಿ ತಪ್ಪಿತು. ಮಗು ಎದ್ದು ಬಂದು ಅವರ ಬಾಯಿಗೆ ಕೈ ಅಡ್ಡ ಇಟ್ಟಿತು.

"ಹಂಗಲ್ಲ ತಾತ, ಹಿಂಗೆ," ಎಂದು ಆ ಸಾಲನ್ನು ಹಾಡಿ ತೋರಿಸಿತು. ಒಂದೆಳೆಯೂ ಆಚೀಚೆಯಾಗಲಿಲ್ಲ. ಇಷ್ಟು ದಿನ ಅದು ತಾತನಿಗೆ ಪಾಠ ಹೇಳುತ್ತಿತ್ತೆಂದು ನಮಗೆ ಆಗ ತಿಳಿಯಿತು. ದೊಡ್ಡವರಾದ ನಾವು ಆ ಪಾಠಶಾಲೆಯನ್ನೇ ಮುಚ್ಚಿಸಿದ್ದೆವು.

ಜಯದೇವಪ್ಪ ಹಾಗೆಯೇ ಹಾಡಲು ನೋಡಿದರು. ಮತ್ತೆ ತಪ್ಪಿತು. ಬೇಕೆಂದು ಮಾಡಿದ್ದಲ್ಲ, ಅವರಿಗೆ ಬರುವುದೇ ಅಷ್ಟು.

"ಇನ್ನೊಂದ್ಸಲ ಹಾಡು ತಾತ," ಎಂದಿತು ಮಗು.

ಅರವತ್ತೆರಡು ವರ್ಷದಲ್ಲಿ ಈ ಮಾತನ್ನು ಅವರಿಗೆ ಹೇಳಿದವರು ಇನ್ನೊಬ್ಬರಿಲ್ಲ. ಅವರು ಕಣ್ಣೊರೆಸಿಕೊಂಡು ಮೊದಲಿನಿಂದ ಹಾಡಿದರು.