ಬಸ್ ಸ್ಟ್ಯಾಂಡಿನ ರಾವಣ

ಸುದ್ದಿಗಳು ಊರಿಂದೂರಿಗೆ ಮೊಬೈಲಿನಲ್ಲಲ್ಲ, ಬಸ್ಸಿನಲ್ಲಿ ಬರುತ್ತಿದ್ದ ದಿನಗಳವು. ಜೋಳದ ರಾಶಿ ಮುಗಿದರೆ ನಮ್ಮ ಹಗಲುವೇಷದ ಮೇಳ ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಹೊರಡುತ್ತಿತ್ತು. ಊರ ಹೊರಗೆ ಗುಡಾರ. ಬೆಳಗಾದರೆ ಮುಖಕ್ಕೆ ಬಳಿಯಲು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಹಳದಿ ಅರದಾಳದ ವಾಸನೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ದಿನಕ್ಕೊಂದು ವೇಷ ಹಾಕಿ ಬಜಾರಿನಲ್ಲಿ ಆಡುವುದು. ಕೊನೆಯ ದಿನ ಬಣ್ಣವಿಲ್ಲದ ಮುಖದಲ್ಲಿ ಮನೆಮನೆಗೆ ಹೋಗಿ ಜೋಳ ಕೇಳುವುದು. ಬಣ್ಣ ಹಚ್ಚಿದ ಅಪ್ಪನನ್ನು ನಾವು ಅಪ್ಪ ಎನ್ನುವಂತಿರಲಿಲ್ಲ. ವೇಷ ಕಳಚುವವರೆಗೆ ಅವನೂ ತನ್ನ ಹೆಸರು ಹೇಳುವಂತಿರಲಿಲ್ಲ. ಅದು ನಮ್ಮ ಕಟ್ಟುಪಾಡು.

ಆ ವರ್ಷ ಸಿಂದಗಿಯಲ್ಲಿ ಮಕ್ಕಳ ಕಳ್ಳರ ಸುದ್ದಿ ಹಬ್ಬಿತ್ತು. ನಮ್ಮ ಗುಡಾರಕ್ಕೆ ಅದು ಮುಟ್ಟಿರಲಿಲ್ಲ. ಅಂದು ಅಪ್ಪನದು ಸನ್ಯಾಸಿಯಾಗಿ ಬಂದ ರಾವಣನ ವೇಷ: ಕಾವಿ, ಜಡೆ, ಕಮಂಡಲ. ನಮ್ಮಲ್ಲಿ ಹೆಂಗಸರು ವೇಷ ಹಾಕುವುದಿಲ್ಲ. ಹಾಗಾಗಿ ಹುಡುಗನಾದ ನನ್ನ ಉದ್ದ ಕೂದಲಿಗೆ ಹೂ ಮುಡಿಸಿ, ಪರಕಾರ ಉಡಿಸಿ ಸೀತೆ ಮಾಡಿದ್ದರು. ಹಾರ್ಮೋನಿಯಂ ಕಾಕಾ ಚಹಾದಂಗಡಿಯಲ್ಲಿ ಉಳಿದ. ಅಪ್ಪ ನನ್ನ ಕೈಹಿಡಿದು ಬಸ್ ಸ್ಟ್ಯಾಂಡಿನತ್ತ ಮುಂದೆ ನಡೆದ.

"ಯಾರಲೇ ನೀ? ಈ ಹುಡುಗಿ ಯಾರ ಮಗಳು?" ಒಬ್ಬ ಅಡ್ಡ ನಿಂತ.

ಆಟ ಶುರುವಾಯಿತೆಂದೇ ತಿಳಿದ ಅಪ್ಪ ದನಿ ಏರಿಸಿದ. "ಲಂಕಾದಿಂದ ಬಂದೇನಿ! ಈಕೀನ್ನ ಹೊತ್ಕೊಂಡು ಹೋಗಾಕ ಬಂದೇನಿ!"

ಮೊದಲ ಏಟು ಕಿವಿಯ ಮೇಲೆ ಬಿತ್ತು. ಆಮೇಲೆ ಚಪ್ಪಲಿ, ಬೆಲ್ಟು. ನೆಲಕ್ಕೆ ಬಿದ್ದರೂ ಅಪ್ಪ ಹೆಸರು ಹೇಳಲಿಲ್ಲ. ನಾನೇ ಕಿರುಚಿದೆ. "ನಮ್ಮಪ್ಪ ಅದಾನ್ರೀ! ಹೊಡೀಬ್ಯಾಡ್ರೀ!"

"ಹಂಗ ಹೇಳಂತ ಕಲಿಸ್ಯಾನ. ಮಾರಿ ತೊಳೀರಿ ಅವಂದು."

ನಳದ ಕೆಳಗೆ ಕೂರಿಸಿ ತಿಕ್ಕಿದರು. ಬಣ್ಣ ಇಳಿದ ಮೇಲೆ ಒಬ್ಬ ದರ್ಜಿ, "ಅಯ್ಯ, ಇಂವ ಪ್ರತಿ ವರ್ಷಾ ನಮ್ಮನಿಗೆ ಜೋಳ ಕೇಳಾಕ ಬರ್ತಾನಲ್ಲೋ" ಎಂದ. ಮಂದಿ ನಕ್ಕರು. ಬೆಲ್ಟು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದವನು, "ಹಂಗಾರ ಒಂದು ಡೈಲಾಗ್ ಹೊಡಿ" ಎಂದ. ಏಟುಗಳನ್ನು ಬೇಕಾದರೆ ಮರೆತೇನು, ಆ ಮಾತನ್ನು ಮರೆಯಲಾರೆ. ಅಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ, ಹಮಾಲಿಗೆ ಹೋದ.

ಮೊನ್ನೆ ಅದೇ ಬಸ್ ಸ್ಟ್ಯಾಂಡಿನೆದುರು, ಮೈಗೆಲ್ಲ ಬೂದಿ ಬಳಿದುಕೊಂಡ ಯುವಕನೊಬ್ಬ ಕಣ್ಣು ಮುಚ್ಚಿ ಅಲುಗದೆ ನಿಂತಿದ್ದ. ಇದಕ್ಕೆ ಬೀದಿ ಕಲೆ ಅನ್ನುತ್ತಾರಂತೆ. ಸುತ್ತ ಹಗ್ಗ, ಕಾವಲಿಗೆ ಪೊಲೀಸರು, ಅವನ ಹೆಸರಿನ ದೊಡ್ಡ ಫಲಕ. ಮಂದಿ ಮೊಬೈಲ್ ಎತ್ತಿ ಹಿಡಿದಿದ್ದರು. ಅಪ್ಪನನ್ನು ಕಣ್ಣಿನ ದವಾಖಾನೆಗೆ ಕರೆತಂದಿದ್ದೆ. ಅವನು ಬಹಳ ಹೊತ್ತು ನೋಡಿದ.

"ತಮ್ಮಾ, ಈ ಹುಡುಗನ್ನ ಯಾರೂ ಏನೂ ಕೇಳವಲ್ರಲ್ಲೋ?"

"ಪೊಲೀಸ್ರು ಅದಾರಲ್ಲಪ್ಪ."

ಇನ್ನೂ ಹತ್ತಿರದಿಂದ ನೋಡಲು ಅಪ್ಪ ಹಗ್ಗ ದಾಟಿದ. ಬ್ಯಾಡ್ಜು ಹಾಕಿಕೊಂಡ ಕಾರ್ಯಕರ್ತೆಯೊಬ್ಬಳು ಬಂದು ಮೆತ್ತಗೆ ಕೇಳಿದಳು. "ಅಜ್ಜಾರ, ಹಿಂದ ಸರೀರಿ. ಯಾರ್ರಿ ನೀವು?"

ಅಪ್ಪ ಗಡಬಡಿಸಿ ಕೈಮುಗಿದ. ತನ್ನ ಹೆಸರು, ತನ್ನಪ್ಪನ ಹೆಸರು, ಊರು, ಎಲ್ಲ ಹೇಳಿದ. ಯಾರೂ ಕೇಳದಿದ್ದರೂ ಅಂಗಿಯ ಜೇಬಿನಿಂದ ಆಧಾರ್ ಕಾರ್ಡ್ ತೆಗೆದು ತೋರಿಸಿದ. ಇಡೀ ಬಜಾರಿಗೆ ಕೇಳುವಂತೆ ಲಂಕೆಯ ಹೆಸರು ಕೂಗಿದ ಗಂಟಲು ಅದು. ಆ ಹುಡುಗಿಗೆ ಸರಿಯಾಗಿ ಕೇಳಿಸಲಿಲ್ಲ. ನಾನು ಇನ್ನೊಮ್ಮೆ ಹೇಳಬೇಕಾಯಿತು.